ಅವಳಿ ಬಸಿರು: ಮಾಸು ಒಂದೋ ಎರಡೋ, ಕೇಳಿ ತಿಳಿಯಿರಿ

(ಗರ್ಭಿಣಿಯರಿಗೂ ಅವರ ಮನೆಯವರಿಗೂ ವೈದ್ಯರು ನೀಡಿದ ಉಪನ್ಯಾಸ)



ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬಂದಿರುವ ನಿಮ್ಮಲ್ಲಿ ಅನೇಕರು ಗದ್ದೆಗೆ ನೀರು ಹಾಯಿಸಿ ಬಲ್ಲವರು. ಎರಡು ಗದ್ದೆಗಳ ನಡುವಿನ ಬದುವಿನಲ್ಲಿ ಗಂಡಿ ಬಿದ್ದರೆ ಒಂದು ಒಣಗುತ್ತದೆ, ಇನ್ನೊಂದು ಮುಳುಗುತ್ತದೆ. ಎರಡರಲ್ಲೂ ಪೈರು ಕೆಡುತ್ತದೆ. ಕೆಲವು ಅವಳಿ ಮಕ್ಕಳಿಗೆ ಗರ್ಭದಲ್ಲೇ ಹೀಗಾಗುತ್ತದೆ.

ಕೆಲವು ಅವಳಿಗಳಿಗೆ ಬೇರೆ ಬೇರೆ ಮಾಸು (ಕಸ) ಇರುತ್ತದೆ. ಕೆಲವಕ್ಕೆ ಎರಡಕ್ಕೂ ಸೇರಿ ಒಂದೇ ಮಾಸು. ಒಂದೇ ಮಾಸಾದರೆ ಇಬ್ಬರ ರಕ್ತನಾಳಗಳೂ ಅಲ್ಲಿ ಕೂಡಿಕೊಂಡಿರುತ್ತವೆ. ಇಂಥ 100 ಬಸಿರಿನಲ್ಲಿ ಸುಮಾರು 10ರಿಂದ 15ರಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿಯುತ್ತದೆ. ರಕ್ತ ಕೊಟ್ಟ ಮಗು ಸೊರಗಿ, ಅದರ ಸುತ್ತಲಿನ ನೀರು ಬತ್ತುತ್ತದೆ. ಪಡೆದ ಮಗುವಿನ ಸುತ್ತ ನೀರು ಮಿತಿಮೀರಿ ತುಂಬುತ್ತದೆ, ಹೃದಯಕ್ಕೆ ಭಾರವಾಗುತ್ತದೆ. ರೋಗ ತೀವ್ರವಾದರೆ ಚಿಕಿತ್ಸೆ ಇಲ್ಲದೆ ಬಹುಪಾಲು ಮಕ್ಕಳು ಉಳಿಯುವುದಿಲ್ಲ.

ಇದಕ್ಕೆ ಲೇಸರ್ ಚಿಕಿತ್ಸೆ ಇದೆ. ತಾಯಿಯ ಹೊಟ್ಟೆಯ ಮೂಲಕ ತೆಳುವಾದ ದುರ್ಬೀನಿನ ಕೊಳವೆಯನ್ನು ಗರ್ಭಕೋಶದೊಳಗೆ ಬಿಟ್ಟು, ಕೂಡಿರುವ ರಕ್ತನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚುತ್ತಾರೆ. ಬದುವಿನ ಗಂಡಿ ಕಟ್ಟಿದ ಹಾಗೆ. ಸಿಸೇರಿಯನ್‌ನಂತೆ ಹೊಟ್ಟೆ ಕೊಯ್ಯುವುದಿಲ್ಲ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಲೇಸರ್ ಮಾಡಿಸಿಕೊಂಡ ತಾಯಂದಿರಲ್ಲಿ ನೂರಕ್ಕೆ 76 ಮಂದಿಗೆ ಕನಿಷ್ಠ ಒಂದು ಮಗು ಹುಟ್ಟಿ 28 ದಿನ ದಾಟಿತು. ಬರೀ ನೀರು ತೆಗೆಸಿಕೊಂಡವರಲ್ಲಿ ಇದು 56. ಆದರೂ ಅಪಾಯವೇ ಇಲ್ಲವೆಂದಲ್ಲ. ನೀರು ಬೇಗ ಒಡೆಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಒಂದು ಮಗು ಅಥವಾ ಎರಡೂ ಉಳಿಯದೆ ಹೋಗಬಹುದು.

ಈ ಚಿಕಿತ್ಸೆಗೆ ಕಾಲಮಿತಿಯಿದೆ. ಸಾಮಾನ್ಯವಾಗಿ 16ರಿಂದ 26 ವಾರದೊಳಗೆ ಮಾಡುತ್ತಾರೆ. ಆದ್ದರಿಂದ ಮೂರು ತಿಂಗಳು ತುಂಬುವ ಹೊತ್ತಿಗೆ, ಅಂದರೆ 11ರಿಂದ 14 ವಾರದೊಳಗೆ, ಸ್ಕ್ಯಾನ್ ಮಾಡಿಸಿ. ಆಗಲೇ ಮಾಸು ಎಷ್ಟೆಂದು ಚೆನ್ನಾಗಿ ತಿಳಿಯುವುದು. ಹೆಣ್ಣೋ ಗಂಡೋ ಎಂದು ಕೇಳುವುದು ಕಾನೂನಿಗೆ ವಿರುದ್ಧ. ನೀವು ಕೇಳಬೇಕಾದದ್ದು ಮಾಸು ಒಂದೋ ಎರಡೋ ಎಂದು. ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಒಂದೇ ಮಾಸಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ತಪ್ಪಿಸಬೇಡಿ. ಮೊದಮೊದಲು ತಾಯಿಗೆ ಯಾವ ತೊಂದರೆಯೂ ಕಾಣದಿರಬಹುದು.

ಕೆಲವೇ ದಿನಗಳಲ್ಲಿ ಹೊಟ್ಟೆ ಬೇಗ ಬೇಗ ದೊಡ್ಡದಾಗಿ ಬಿಗಿದರೆ, ಉಸಿರು ಕಟ್ಟಿದಂತಾದರೆ, ನೋವು ಬಂದರೆ, "ಅವಳಿ ಅಲ್ಲವೇ, ಹಾಗೇ ಇರುತ್ತದೆ" ಎಂದು ಮನೆಯ ಹಿರಿಯರು ಸುಮ್ಮನಿರಬೇಡಿ. ಅಂದೇ ಆಸ್ಪತ್ರೆಗೆ ಕರೆತನ್ನಿ. ಲೇಸರ್ ಬೇಕೆಂದಾದರೆ ಬೆಂಗಳೂರಿನ ಭ್ರೂಣ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕಾಗಬಹುದು. ಆಗ "ಹಬ್ಬ ಕಳೆಯಲಿ, ಕೊಯ್ಲು ಮುಗಿಯಲಿ" ಎಂದು ದಿನ ದೂಡಬೇಡಿ.

ಕೊನೆಯದಾಗಿ ಒಂದು ಮಾತು. ಜೋಡಿ ಬಾಳೆಹಣ್ಣು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂದು ಸೊಸೆಯನ್ನು ಆಡಿಕೊಳ್ಳಬೇಡಿ. ಇದು ಮಾಸಿನ ರಕ್ತನಾಳಗಳ ತೊಂದರೆ, ಆಕೆಯ ತಪ್ಪಲ್ಲ. ಆಕೆಗೆ ಬೇಕಾದದ್ದು ಧೈರ್ಯದ ಮಾತು, ಸಮಯಕ್ಕೆ ಸರಿಯಾದ ಸ್ಕ್ಯಾನ್, ಜೊತೆಗೆ ಬರುವ ಒಬ್ಬರು.