ಬೆಟ್ಟದ ಬೆಳಕು, ಬೆಟ್ಟದ ಬುಡದ ಬಾಲಕ

(ಪ್ರಭುವಿನ ದಿವ್ಯ ರೂಪಾಂತರದ ಹಬ್ಬ, ಆಗಸ್ಟ್ 6)



ಪೇತ್ರ, ಯಕೋಬ, ಯೊವಾನ್ನರನ್ನು ಕರೆದುಕೊಂಡು ಯೇಸುಸ್ವಾಮಿ ಬೆಟ್ಟ ಹತ್ತಿದರು. ಅಲ್ಲಿ ಅವರ ಮುಖ ಸೂರ್ಯನಂತೆ ಬೆಳಗಿತು. ಪೇತ್ರನಿಗೆ ಇಳಿಯಲು ಮನಸ್ಸೇ ಬರಲಿಲ್ಲ. ಮೂರು ಗುಡಾರ ಹಾಕೋಣವೆಂದ. ಆದರೆ ಪ್ರಭು ಇಳಿದು ಬಂದರು. ಕೆಳಗೆ ಒಬ್ಬ ತಂದೆ ಕಾದಿದ್ದ. ಅವನ ಮಗನಿಗೆ ಮೂರ್ಛೆರೋಗ. ಮತ್ತಾಯ, ಮಾರ್ಕ, ಲೂಕ ಮೂವರೂ ರೂಪಾಂತರದ ಬೆನ್ನಿಗೇ ಈ ಬಾಲಕನ ಪ್ರಸಂಗವನ್ನು ಹೇಳುತ್ತಾರೆ. 1520ರಲ್ಲಿ ತೀರಿಕೊಂಡ ರಾಫೆಲ್ ಬಿಡಿಸಿದ ಕೊನೆಯ ದೊಡ್ಡ ಚಿತ್ರದಲ್ಲೂ ಮೇಲೆ ಬೆಳಗುವ ಕ್ರಿಸ್ತ, ಕೆಳಗೆ ಫಿಟ್ಸ್ ಬಂದ ಹುಡುಗ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವಂತಿಲ್ಲ.

ಈ ಬಾಲಕ ನಮ್ಮ ನಡುವೆಯೂ ಇದ್ದಾನೆ. ಭಾರತದಲ್ಲಿ 1 ಕೋಟಿಗೂ ಹೆಚ್ಚು ಜನರಿಗೆ ಮೂರ್ಛೆರೋಗ ಇದೆಯೆಂಬ ಅಂದಾಜಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ನಮ್ಮ ಮನೆಗಳೇನೂ ಇದಕ್ಕೆ ಹೊರತಲ್ಲ. ಆದರೆ ನಾವು ಮುಚ್ಚಿಡುತ್ತೇವೆ. ಹೆಣ್ಣುಮಗಳಾದರೆ ಮದುವೆಯ ಚಿಂತೆ, ಗಂಡುಮಗನಾದರೆ ಕೆಲಸದ ಚಿಂತೆ. ಧರ್ಮಸಭೆಯ 1917ರ ಕಾನೂನು ಸಂಹಿತೆ ಕೂಡ ಮೂರ್ಛೆರೋಗವನ್ನು ಗುರುದೀಕ್ಷೆಗೆ ಅಡ್ಡಿಯೆಂದು ಎಣಿಸಿತ್ತು. 1983ರ ಸಂಹಿತೆ ಅದನ್ನು ಕೈಬಿಟ್ಟಿತು. ಧರ್ಮಸಭೆಯೇ ಕೈಬಿಟ್ಟ ಕಳಂಕವನ್ನು ನಾವು ಮನೆಯಲ್ಲಿ ಏಕೆ ಕಾಪಾಡಿಕೊಂಡು ಬರಬೇಕು?

“ಫಾದರ್, ಎಷ್ಟು ವರ್ಷ ಅಂತ ಮಾತ್ರೆ ನುಂಗುವುದು? ಯೋಗ ಮಾಡಿದರೆ ಹೋಗುತ್ತದಂತೆ, ಎಣ್ಣೆ ತಿಕ್ಕಿಸಿದರೆ ಹೋಗುತ್ತದಂತೆ” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯ ಹಿಂದಿರುವ ದಣಿವು ನಿಜವಾದದ್ದು. ಅದಕ್ಕೆ ನಿಜವಾದ ಉತ್ತರವನ್ನೇ ಕೊಡಬೇಕು.

ಮನಸ್ಸಿಗೆ ವಿಶ್ರಾಂತಿ ಬೇಕು, ಅದು ಸತ್ಯ. ನಿದ್ದೆಗೆಡುವುದು, ಒತ್ತಡ, ಆತಂಕ ಇವು ಫಿಟ್ಸನ್ನು ಕೆಣಕುತ್ತವೆ. ದೆಹಲಿಯ ಏಮ್ಸ್ ವೈದ್ಯರು 160 ರೋಗಿಗಳೊಂದಿಗೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆಯ ಜೊತೆಗೆ ಯೋಗ ಕಲಿತವರಲ್ಲಿ ಕೀಳರಿಮೆ ತಗ್ಗಿತು, ಫಿಟ್ಸ್ ಕೂಡ ಕಡಿಮೆಯಾಯಿತು. ನಮ್ಮ ಜಪಸರವೂ ಸಣ್ಣದಲ್ಲ. ಅದನ್ನು ಲತೀನಿನಲ್ಲಿ ಜಪಿಸುವಾಗ ಉಸಿರು ನಿಧಾನವಾಗಿ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತದೆಂದು ಇಟಲಿಯ ಸಂಶೋಧಕರು 2001ರಲ್ಲಿ ಆರೋಗ್ಯವಂತರಲ್ಲಿ ಕಂಡರು.

ಆದರೆ ಏಮ್ಸಿನ ಮಾತಿನಲ್ಲಿ “ಮಾತ್ರೆಯ ಜೊತೆಗೆ” ಎಂಬುದನ್ನು ಮರೆಯಬೇಡಿ. ಸರಿಯಾದ ಚಿಕಿತ್ಸೆ ಪಡೆದರೆ 10ರಲ್ಲಿ 7 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಹಿತವೆಂದು ಮಾಡುವುದೆಲ್ಲ ಹಿತವೂ ಅಲ್ಲ. ಇ.ಇ.ಜಿ. ಪರೀಕ್ಷೆಯಲ್ಲಿ ರೋಗದ ಗುರುತು ಹೊರಬರಲೆಂದು ಜೋರಾಗಿ ಉಸಿರಾಡಿಸುತ್ತಾರೆ. ಹಾಗಿರುವಾಗ ವೈದ್ಯರನ್ನು ಕೇಳದೆ ಕಪಾಲಭಾತಿ, ಭಸ್ತ್ರಿಕಾ ಮಾಡುವುದು ಬೇಡ. ತಲೆನೋವಿಗೆ ಹಚ್ಚುವ ಮುಲಾಮಿನ ಮೇಲೂ ಗಮನವಿರಲಿ. ನಮ್ಮ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಟ್ಸ್ ಬಂದ 350 ಮಂದಿಯಲ್ಲಿ 55 ಮಂದಿಗೆ ಸುಗಂಧ ತೈಲಗಳ ನಂಟು ಕಂಡಿತು. ಮುಖ್ಯವಾಗಿ ನೀಲಗಿರಿ ಎಣ್ಣೆ ಮತ್ತು ಕರ್ಪೂರ. ಎಣ್ಣೆಸ್ನಾನದ ಹೊತ್ತಿಗೆ ತಲೆಗೆ ಬಿಸಿನೀರನ್ನು ಚೊಂಬು ಚೊಂಬಾಗಿ ಸುರಿದಾಗ ಫಿಟ್ಸ್ ಬರುವುದು ನಮ್ಮ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್ ವೈದ್ಯರು ಇದನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ಅಂಥವರಿಗೆ ಉಗುರುಬೆಚ್ಚಗಿನ ನೀರು ಸಾಕು.

ಪ್ರಾರ್ಥನೆಗೂ ವಿವೇಕ ಬೇಕು. ಅಹೋರಾತ್ರಿ ಜಾಗರಣೆ ಫಿಟ್ಸ್ ಇರುವವರಿಗಲ್ಲ. ಅವರು ಮಲಗಲಿ, ಅವರ ಪರವಾಗಿ ನಾವು ಎಚ್ಚರವಿರೋಣ. ಉಪವಾಸವೆಂದು ಮಾತ್ರೆ ತಪ್ಪಿಸಬಾರದು. ವೈದ್ಯನನ್ನೂ ಔಷಧಿಯನ್ನೂ ಸೃಷ್ಟಿಸಿದವನು ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಕಲಿಸುತ್ತದೆ. ಪ್ರಾರ್ಥಿಸು, ವೈದ್ಯನಿಗೂ ಸ್ಥಳ ಕೊಡು ಎಂದು ಎರಡನ್ನೂ ಒಟ್ಟಿಗೇ ಹೇಳುತ್ತದೆ.

ಪೂಜೆಯ ನಡುವೆ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಿ. ಎಚ್ಚರವಾಗುವವರೆಗೆ ಒಬ್ಬರಾದರೂ ಪಕ್ಕದಲ್ಲಿರಿ.

ಅಂದು ಪ್ರಭು ಆ ತಂದೆಯನ್ನು ಕೇಳಿದ್ದು, ಇದು ಎಂದಿನಿಂದ ಹೀಗೆ ಎಂದು. ಅವನ ಅರೆನಂಬಿಕೆಗೆ ಅವರು ಬೇಸರಿಸಲಿಲ್ಲ. ಹುಡುಗ ಸತ್ತಂತೆ ಬಿದ್ದಾಗ ಜನ ಸತ್ತೇಹೋದನೆಂದರು; ಯೇಸು ಕೈಹಿಡಿದು ಎಬ್ಬಿಸಿದರು. ಪ್ರಿಯರೇ, ನಮ್ಮಿಂದ ಅದ್ಭುತ ನಡೆಯದಿರಬಹುದು. ಎಂದಿನಿಂದ ಎಂದು ಪ್ರೀತಿಯಿಂದ ಕೇಳಬಲ್ಲೆವು. ಬಿದ್ದವರ ಕೈಹಿಡಿಯಬಲ್ಲೆವು. ಈ ಹಬ್ಬದ ಬೆಳಕು ಅಷ್ಟರಮಟ್ಟಿಗಾದರೂ ನಮ್ಮೊಂದಿಗೆ ಬೆಟ್ಟದಿಂದ ಇಳಿದು ಬರಲಿ. ಆಮೆನ್.