ಎಸ್ಸೆನ್ ಮತ್ತು ಇಂದಿರಾ: 1969ರ ಪತ್ರಗಳು



  ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಿಂದ 1957ರಲ್ಲಿ ವಿಧಾನಸಭೆಗೆ ಗೆದ್ದ ಎಸ್. ನಿಜಲಿಂಗಪ್ಪನವರು, ನಮ್ಮ ಎಸ್ಸೆನ್, ಬರೆದ ಮತ್ತು ಅವರಿಗೆ ಬಂದ ಕೆಲವು ಪತ್ರಗಳ ಬಗ್ಗೆ ಮಾತಾಡೋಣ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಇಂದಿರಾ ಗಾಂಧಿ ಮತ್ತು ಎಸ್ಸೆನ್ ಹುಟ್ಟಾ ವೈರಿಗಳಲ್ಲ. 1966ರ ಜನವರಿಯಲ್ಲಿ ಪ್ರಧಾನಿ ಶಾಸ್ತ್ರೀಜಿ ತೀರಿಕೊಂಡಾಗ ಮೊರಾರ್ಜಿ ದೇಸಾಯಿಯವರನ್ನು ಬಿಟ್ಟು ಇಂದಿರಾ ಬೆನ್ನಿಗೆ ನಿಂತ ಮುಖ್ಯಮಂತ್ರಿಗಳಲ್ಲಿ ಮೈಸೂರಿನ ನಿಜಲಿಂಗಪ್ಪನವರೂ ಒಬ್ಬರು. ಎರಡು ವರ್ಷದ ಬಳಿಕ ಅವರು ಕಾಂಗ್ರೆಸ್ ಪಕ್ಷದ (ಎಐಸಿಸಿ) ಅಧ್ಯಕ್ಷರಾದರು. ಹೀಗೆ ಜೊತೆಗಾರರಾಗಿದ್ದವರ ನಡುವೆ 1969ರಲ್ಲಿ ಶುರುವಾದದ್ದು ಈ ಪತ್ರ ವ್ಯವಹಾರ.

ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಸೇರಿತು. ಆರ್ಥಿಕ ನೀತಿಯ ಬಗ್ಗೆ ಇಂದಿರಾ ಒಂದು ಟಿಪ್ಪಣಿ ಕಳಿಸಿದರು. ಅವಸರದಲ್ಲಿ ಬರೆಸಿದ ಬಿಡಿ ಆಲೋಚನೆಗಳು ಅಂತ ಅವರೇ ಅದನ್ನು ಕರೆದುಕೊಂಡರು. ಆಮೇಲೆ ಏನಾಯಿತು ನೋಡಿ. ಪಾರ್ಲಿಮೆಂಟರಿ ಬೋರ್ಡಿನಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಿದರು. ಅದಾಗಿ ಕೆಲವೇ ದಿನಗಳಲ್ಲಿ ಮೊರಾರ್ಜಿಯವರ ಹಣಕಾಸು ಖಾತೆ ಹೋಯಿತು. 19ನೇ ತಾರೀಕು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು.

ಪಕ್ಷದ ಅಭ್ಯರ್ಥಿಗೆ ಮತ ಹಾಕುವಂತೆ ವಿಪ್ ಕೊಡಿ ಎಂದು ಅಧ್ಯಕ್ಷರು ಪ್ರಧಾನಿಯನ್ನು ಕೇಳಿದರು. ಪ್ರಧಾನಿ ಒಪ್ಪಲಿಲ್ಲ. ಎಸ್ಸೆನ್ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಎರಡನೇ ಪ್ರಾಶಸ್ತ್ಯದ ಮತದ ಬಗ್ಗೆ ಮಾತಾಡಿದ್ದು ಅವರಿಗೆ ನೆಪ ಒದಗಿಸಿತು. ಜಗಜೀವನ ರಾಂ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಅದಕ್ಕೆ ವಿವರಣೆ ಕೇಳಿ ಅಧ್ಯಕ್ಷರಿಗೇ ಪತ್ರ ಬರೆದರು. ನನ್ನನ್ನು ಕೇಳಿದರೆ ಎಸ್ಸೆನ್ ಎಡವಿದ್ದು ಇಲ್ಲೇ. ಶಿಸ್ತಿನ ಪಾಠ ಹೇಳುವವರು ಎದುರು ಪಾಳೆಯದ ಬಾಗಿಲು ತಟ್ಟಬಾರದಿತ್ತು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಇಂದಿರಾ ಕಡೆಯವರ ಮಾತು ಗೆದ್ದಿತು. ರೆಡ್ಡಿಯವರ ಎದುರು ನಿಂತಿದ್ದ ವಿ.ವಿ. ಗಿರಿ 4,20,077, ರೆಡ್ಡಿ 4,05,427.

ಅಕ್ಟೋಬರ್ 28ರಂದು ಎಸ್ಸೆನ್ ಬರೆದ ಪತ್ರ ಇವೆಲ್ಲಕ್ಕಿಂತ ಮುಖ್ಯ. ನಿಮಗೆ ನಿಷ್ಠೆ ತೋರುವುದನ್ನೇ ಪಕ್ಷಕ್ಕೂ ದೇಶಕ್ಕೂ ನಿಷ್ಠೆ ಎಂದು ಅಳೆಯುತ್ತಿದ್ದೀರಿ ಎಂಬ ಆರೋಪ ಅದರಲ್ಲಿತ್ತು. ಎಸ್ಸೆನ್ ಚಿತ್ರದುರ್ಗದಲ್ಲಿ ವಕಾಲತ್ತು ಮಾಡಿದವರು. ಪತ್ರದಲ್ಲೂ ನೋಟಿಸಿನ ಧಾಟಿ ಇದೆ: ದೂರು, ಅದರ ಹಿಂದಿನ ಘಟನೆ, ನಿಯಮದ ಉಲ್ಲಂಘನೆ. ನವೆಂಬರ್ 8ರಂದು ಇಂದಿರಾ ಬರೆದ ಪತ್ರ ಎಸ್ಸೆನ್ ಹೆಸರಿಗಿರಲಿಲ್ಲ, ಕಾಂಗ್ರೆಸಿಗರೆಲ್ಲರ ಹೆಸರಿಗಿತ್ತು. ಇದು ವ್ಯಕ್ತಿಗಳ ಜಗಳವಲ್ಲ, ಬದಲಾವಣೆ ಬಯಸುವವರ ಮತ್ತು ಬೇಡ ಅನ್ನುವವರ ನಡುವಿನ ಜಗಳ ಅಂದರು. ಒಬ್ಬರು ಪಕ್ಷದ ನಿಯಮಾವಳಿ ಓದುತ್ತಿದ್ದರು, ಇನ್ನೊಬ್ಬರು ಮತದಾರರ ಪಟ್ಟಿ ಓದುತ್ತಿದ್ದರು. ಹಾಗಿದ್ದ ಮೇಲೆ ಒಬ್ಬರ ಪತ್ರಕ್ಕೆ ಇನ್ನೊಬ್ಬರು ಉತ್ತರ ಕೊಡುವುದಾದರೂ ಹೇಗೆ?

ಈ ನಡುವೆ ನವೆಂಬರ್ 1ರಂದು ಕಾರ್ಯಕಾರಿ ಸಮಿತಿ ಎರಡು ಕಡೆ ಸಭೆ ಸೇರಿತ್ತು. ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿ ಮನೆಯಲ್ಲಿ. 1956ರ ಅದೇ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ ಒಂದಾಗಿ, ಎಸ್ಸೆನ್ ಅದರ ಮೊದಲ ಮುಖ್ಯಮಂತ್ರಿಯಾಗಿದ್ದರು. ಹದಿಮೂರು ವರ್ಷಕ್ಕೆ ಅವರ ಅಧ್ಯಕ್ಷತೆಯಲ್ಲೇ ಪಕ್ಷ ಇಬ್ಭಾಗ! 12ರಂದು ಇಂದಿರಾ ಉಚ್ಚಾಟನೆಯಾದರು. ಮನೆಯವರನ್ನು ಹೊರಗಟ್ಟಿ ಬೀಗ ಹಾಕಿಕೊಂಡವರ ಕೈಯಲ್ಲಿ ಬೀಗ ಮಾತ್ರ ಉಳಿದ ಹಾಗಾಯಿತು.

ಕರ್ನಾಟಕದಲ್ಲಿ ಇದರ ಪೆಟ್ಟು ಬಲವಾಗಿಯೇ ಬಿತ್ತು. ಎಸ್ಸೆನ್ ಅವರ ಲವ-ಕುಶರೆಂದು ಹೆಸರಾದ ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ ಅವರ ಜೊತೆಗೇ ಉಳಿದರು. ಆಗ ಮುಖ್ಯಮಂತ್ರಿಯಾಗಿದ್ದ ಪಾಟೀಲರ ಸಂಪುಟದಲ್ಲಿ ಜಾಗ ಸಿಗದಿದ್ದ ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸಿಗೆ. ಮರುವರ್ಷ ಅರಸು ಮುಖ್ಯಮಂತ್ರಿ. ಆ ಅರಸರೂ 1979ರಲ್ಲಿ ಇಂದಿರಾರಿಂದ ದೂರವಾದರು. ವ್ಯಕ್ತಿನಿಷ್ಠೆಯ ಬಗ್ಗೆ ಎಸ್ಸೆನ್ ಹೇಳಿದ್ದು ಸುಳ್ಳಲ್ಲ ಅನ್ನಲು ಅಷ್ಟು ಸಾಕು. ಆದರೆ ಬಡವರ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಅವರ ಪತ್ರ ಗಮನಿಸಲೇ ಇಲ್ಲ. ಅದು ಇಂದಿರಾಗೆ ಗೊತ್ತಿತ್ತು.

ಇವೆಲ್ಲ ದೇಶವೇ ಓದಿದ ಪತ್ರಗಳು. ಎಸ್ಸೆನ್ ನಮ್ಮ ಜಿಲ್ಲೆಯ ಕಾರ್ಯಕರ್ತರಿಗೆ ಬರೆದ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳು ತುರುವನೂರು, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ನಕಲು ಮಾಡಿಸಿ ನಮ್ಮ ಸಂಘಕ್ಕೆ ತಂದುಕೊಡಿ, ಮೂಲ ನಿಮ್ಮಲ್ಲೇ ಇರಲಿ.