ಹಾಡಿನ ಹಿಂದೆ ಮರೆಯಾದ ಹಾಡುಗಾರ



ಯುಗಾದಿ ಬಂತೆಂದರೆ ರೇಡಿಯೊ, ಟಿ.ವಿ.ಗಳಲ್ಲಿ ಒಂದು ಹಾಡು ತಪ್ಪುವುದಿಲ್ಲ. ಅದು 1963ರ ‘ಕುಲವಧು’ ಚಿತ್ರದ ಯುಗಾದಿ ಹಾಡು. 1967ರ ‘ಬೆಳ್ಳಿಮೋಡ’ದಲ್ಲಿ ಎಸ್. ಜಾನಕಿ ಹಾಡಿದ ಬೆಳಗಿನ ಹಾಡೂ ಅಷ್ಟೇ ಜನಪ್ರಿಯ. ಎರಡನ್ನೂ ಬರೆದವರು ದ.ರಾ. ಬೇಂದ್ರೆ. ಇವು ಸಿನಿಮಾಕ್ಕೆಂದು ಬರೆದವಲ್ಲ. ಕವಿತೆಗಳನ್ನೇ ಚಿತ್ರದವರು ಆರಿಸಿಕೊಂಡದ್ದು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಬೇಂದ್ರೆಯವರ ಗೀತೆಗಳನ್ನು ಮನೆಮನೆಗೂ ಮುಟ್ಟಿಸಿದರು.

ಹಾಡಿದವರ ಹೆಸರು ನೆನಪಿದೆ, ಬರೆದವರ ಹೆಸರೂ ನೆನಪಿದೆ. ಆದರೆ ಬರೆದವರೇ ಹಾಡುಗಾರರೂ ಆಗಿದ್ದರು ಎಂಬುದು ಹಿಂದೆ ಸರಿದುಹೋಗಿದೆ.

1929ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅಲ್ಲಿ ಬೇಂದ್ರೆ ಕಾಲದ ಹಕ್ಕಿಯ ಕವಿತೆಯನ್ನು ಹಾಡಿದರು, ಸಭೆ ಮರುಳಾಯಿತು. ಆ ಕವಿತೆಯಿರುವ ‘ಗರಿ’ ಸಂಕಲನ ಅಚ್ಚಾದದ್ದು 1932ರಲ್ಲಿ. ಅಂದರೆ ಪುಸ್ತಕ ಕೈಗೆ ಬರುವ ಮೊದಲೇ ಕವಿತೆ ಕಿವಿಗೆ ಬಿದ್ದಿತ್ತು. ಸಿನಿಮಾ ಹಾಡು ಬಂದದ್ದು ಅದಕ್ಕೂ ಮೂರು ದಶಕದ ಮೇಲೆ.

ಇದರ ಮಹತ್ವ ಚಿಕ್ಕಜಾಜೂರಿನವರಿಗೆ ಬೇಗ ತಿಳಿದೀತು. ಇಲ್ಲಿನ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ, ದಾವಣಗೆರೆ ಕಳೆದು ಹರಿಹರದಲ್ಲಿ ತುಂಗಭದ್ರೆ ದಾಟಿದ ಮೇಲೆ ಡಬ್ಬಿಯೊಳಗಿನ ಮಾತಿನ ಧಾಟಿ ಬದಲಾಗುತ್ತದೆ. ‘ಹೀಗೆ’ ಎಂಬುದು ‘ಹೀಂಗ’ ಆಗುತ್ತದೆ, ‘ಬೇಡ’ ಎಂಬುದು ‘ಬ್ಯಾಡ’ ಆಗುತ್ತದೆ. 1956ರವರೆಗೆ ಆ ಕಡೆಯದು ಬೇರೆ ಆಡಳಿತ, ಈ ಕಡೆಯದು ಮೈಸೂರು. ಧಾರವಾಡದ ಆ ಆಡುಮಾತೇ ಬೇಂದ್ರೆಯವರ ಹಲವು ಹಾಡುಗಳ ಜೀವ. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಿಸಬೇಕು ಎಂಬುದು ಅಚ್ಚಿನಲ್ಲಿ ಕಾಣದು. ಅದು ಕವಿಯ ಗಂಟಲಿನಲ್ಲಿತ್ತು.

ಅವರ ವಾಚನ ಪೂರ್ತಿ ಸಂಗೀತವೂ ಅಲ್ಲ, ಬರಿಯ ಓದೂ ಅಲ್ಲ. ಲಾವಣಿ, ತ್ರಿಪದಿ, ಜೋಗುಳಗಳ ಲಯ ಅದರಲ್ಲಿ ಆಡುತ್ತಿತ್ತು. ನಡುವೆ ನಿಲ್ಲಿಸಿ ಅರ್ಥ ಬಿಡಿಸುವರು, ಒಂದೇ ಶಬ್ದವನ್ನು ಎರಡು ಬಗೆಯಲ್ಲಿ ಉಚ್ಚರಿಸಿ ಎರಡು ಅರ್ಥ ತೋರಿಸುವರು. ಮೂರು-ನಾಲ್ಕು ನಿಮಿಷದ ಧ್ವನಿಮುದ್ರಿಕೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ. ತಾಳ ಓಡುತ್ತಿರುತ್ತದೆ, ವಾದ್ಯಗಳು ಕಾಯುತ್ತಿರುತ್ತವೆ, ದೀರ್ಘ ಕವಿತೆಯ ಕೆಲವು ನುಡಿ ಬಿಟ್ಟುಹೋಗುತ್ತವೆ.

ನಷ್ಟ ಎಷ್ಟೆಂಬುದಕ್ಕೆ ‘ನೀ ಹೀಂಗ ನೋಡಬ್ಯಾಡ ನನ್ನ’ ಸಾಕ್ಷಿ. ರಾಗ ಇಂಪಾಗಿದ್ದರೆ ಇದನ್ನು ಪ್ರೇಮಗೀತೆಯೆಂದೇ ಕೇಳಿ ತಲೆದೂಗುವವರಿದ್ದಾರೆ. ಆದರೆ ಇದು ಮಗುವನ್ನು ಕಳೆದುಕೊಂಡ ತಂದೆ, ಹೆಂಡತಿಯ ನೋಟವನ್ನು ಎದುರಿಸಲಾರದೆ ಆಡಿದ ಮಾತು. ಬೇಂದ್ರೆ ದಂಪತಿಯ ಬಾಳಿನಲ್ಲಿ ಮಕ್ಕಳ ಸಾವಿನ ದುಃಖ ಒಮ್ಮೆಯಲ್ಲ, ಹಲವು ಬಾರಿ ಬಂದಿತ್ತು. ಅದನ್ನು ತಿಳಿದವರಿಗೆ ಈ ಹಾಡು ಇಂಪಿನ ಸರಕಾಗದು.

ಹಾಗೆಂದು ಗಾಯಕರನ್ನು ದೂರುವಂತಿಲ್ಲ. ಅವರಿಲ್ಲದಿದ್ದರೆ ಬೇಂದ್ರೆ ಕಾಲೇಜಿನ ಪಠ್ಯದಲ್ಲೇ ಉಳಿಯುತ್ತಿದ್ದರೋ ಏನೋ. ಆದರೆ ಎರಡನ್ನೂ ಕೇಳಬಹುದಲ್ಲ! 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಗೆ ಬೇಂದ್ರೆ ಸಲಹೆಗಾರರಾಗಿದ್ದರು. ಅವರ ವಾಚನದ ಧ್ವನಿಮುದ್ರಣಗಳು ಉಳಿದಿವೆ. 1972ರಲ್ಲಿ ಗಿರೀಶ ಕಾರ್ನಾಡರು ಅವರ ಮೇಲೆ ಸಾಕ್ಷ್ಯಚಿತ್ರವನ್ನೂ ಮಾಡಿದರು. ಮರುವರ್ಷದ ಜ್ಞಾನಪೀಠ ಪ್ರಶಸ್ತಿ ಅವರ ‘ನಾಕುತಂತಿ’ಗೆ ಬಂತು.

ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ವಾಚನವನ್ನು ಎದುರು ಕೂತು ಕೇಳಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಶಾಲೆಯಲ್ಲಿ ಅವರ ಪದ್ಯ ಪಾಠವಾದಾಗ ಮಕ್ಕಳಿಗೆ ಸಿನಿಮಾ ಹಾಡನ್ನು ಧಾರಾಳವಾಗಿ ಕೇಳಿಸಲಿ. ಅದಕ್ಕೆ ಮೊದಲು ಐದು ನಿಮಿಷ ಕವಿಯ ದನಿಯನ್ನೂ ಕೇಳಿಸಲಿ. ಪದ್ಯದ ಅರ್ಧ ಅರ್ಥ ಮೇಷ್ಟರು ಬಿಡಿಸುವ ಮೊದಲೇ ಮಕ್ಕಳಿಗೆ ತಿಳಿದಿರುತ್ತದೆ.